ಬಿರುಗಾಳಿಗೆ ಮೂರು ದಿನ ಇದೆ, ಬೆಕ್ಕು ಕೈಗೆ ಸಿಗುತ್ತಿಲ್ಲ

ಮಂಚದಡಿ:
ಎಲ್ಲರಿಗೂ ನಮಸ್ಕಾರ. ದೊಡ್ಡ ಬಿರುಗಾಳಿ ಬರುತ್ತಿದೆ ಅಂತ ಎಚ್ಚರಿಕೆ ಕೊಟ್ಟಿದ್ದಾರೆ, ಇನ್ನು ಮೂರು ದಿನ ಟೈಮ್ ಇದೆ. ಮನೆಯಲ್ಲಿ ನಾನು, ಹೆಂಡತಿ, ಅಮ್ಮ, ಒಂದು ನಾಯಿ, ಎರಡು ಬೆಕ್ಕು. ನಾಯಿಯ ಚಿಂತೆ ಇಲ್ಲ. ಕಾರಿನ ಕೀ ಸದ್ದು ಕೇಳಿದರೆ ಸಾಕು, ನನಗಿಂತ ಮೊದಲು ಸೀಟಿನಲ್ಲಿ ಕೂತಿರುತ್ತದೆ. ಚಿಕ್ಕ ಬೆಕ್ಕೂ ಪರವಾಗಿಲ್ಲ, ಎತ್ತಿಕೊಂಡರೆ ಹೆಗಲ ಮೇಲೇ ಮಲಗುತ್ತದೆ. ತಲೆನೋವು ದೊಡ್ಡದರದ್ದು.

ಹೋದ ಸಲ ಗಾಳಿ ಜೋರಾದ ಮೇಲೆ ಅದನ್ನು ಹಿಡಿಯಲು ಹೋದೆ. ಮಂಚದ ಕೆಳಗೆ, ಸೂಟ್‌ಕೇಸುಗಳ ಹಿಂದೆ, ಗೋಡೆಗೆ ಅಂಟಿಕೊಂಡು ಕೂತಿತ್ತು. ಟಾರ್ಚ್ ಬಿಟ್ಟರೆ ಎರಡು ಹಸಿರು ಕಣ್ಣು ಮಾತ್ರ. ಕೈ ಚಾಚಿದೆ, ಮೊಣಕೈವರೆಗೂ ಪರಚಿತು. ಮುಕ್ಕಾಲು ಗಂಟೆ ಒದ್ದಾಡಿ ಕೊನೆಗೂ ಬುಟ್ಟಿಗೆ ಹಾಕಿದೆ. ಮೆಟ್ಟಿಲು ಇಳಿಯುವಾಗ ಬುಟ್ಟಿ ಬಾಗಿಲಿನ ಕೊಂಡಿ ಕಳಚಿತು. ಮತ್ತೆ ಮಂಚದಡಿ. ಅಷ್ಟರಲ್ಲಿ ರಸ್ತೆಗೆ ನೀರು ಬಂದಿತ್ತು, ನಾವು ಎಲ್ಲೂ ಹೋಗಲಿಲ್ಲ. ಚಾವಣಿ ಉಳಿದದ್ದು ನಮ್ಮ ಪುಣ್ಯ.

ಈ ಸಲ ಏನು ಮಾಡಲಿ? ಮನೆಗೆ ಏನೇನು ತಯಾರಿ ಬೇಕು ಅನ್ನೋದನ್ನೂ ಹೇಳಿ. ಅಮ್ಮ ಬಿಪಿ ಮಾತ್ರೆ ತೆಗೆದುಕೊಳ್ಳುತ್ತಾರೆ.

ಹಳೇಛತ್ರಿ:
ಸುಮ್ನೆ ಟೆನ್ಷನ್ ಮಾಡಿಕೊಳ್ಳಬೇಡಿ ಗುರು. ಬೆಕ್ಕಿಗೆ ನಮಗಿಂತ ಜಾಸ್ತಿ ಬುದ್ಧಿ ಇದೆ. ಒಂದು ಕಿಟಕಿ ತೆಗೆದಿಡಿ, ಅದರ ಪಾಡು ಅದು ನೋಡಿಕೊಳ್ಳುತ್ತದೆ.

ಮೂರುಬಾಲ:
ಹಳೇಛತ್ರಿಯವರೇ, ಬೆಕ್ಕಿನ ಬುದ್ಧಿ ಅಂದರೆ ಅಡಗಿಕೊಳ್ಳುವುದು. ನಾಯಿ ಅಟ್ಟಿಸಿಕೊಂಡು ಬಂದರೆ ಅದು ಸರಿ. ನೀರು ಏರುವಾಗ ಮಂಚದಡಿ ಅಡಗಿದರೆ?

ಮಂಚದಡಿಯವರೇ, ನೀವು ತಪ್ಪಿದ್ದು ಒಂದೇ ಕಡೆ. ಗಾಳಿ ಶುರುವಾದ ಮೇಲೆ ಹಿಡಿಯಲು ಹೋದಿರಿ. ಆಗ ಯಾವ ಬೆಕ್ಕೂ ಸಿಗುವುದಿಲ್ಲ. ಈಗಲೇ ಎದ್ದು ಬುಟ್ಟಿಯನ್ನು ಹಾಲ್‌ನಲ್ಲಿಡಿ. ಬಾಗಿಲು ಬಿಚ್ಚಿ ಪಕ್ಕಕ್ಕೆ ಇಟ್ಟುಬಿಡಿ. ಒಳಗೆ ನೀವು ಉಟ್ಟು ಬಿಟ್ಟ, ಒಗೆಯದ ಬಟ್ಟೆ ಹಾಸಿ. ಇವತ್ತಿನ ಊಟ ಬುಟ್ಟಿಯ ಬಾಯಲ್ಲಿ, ನಾಳೆಯದು ಪೂರ್ತಿ ಒಳಗೆ. ಹತ್ತಿರ ನಿಂತು ನೋಡಬೇಡಿ, ಅದಕ್ಕೆ ಅನುಮಾನ ಬರುತ್ತದೆ.

ಹೊರಡುವ ಹಿಂದಿನ ರಾತ್ರಿ ಎರಡೂ ಬೆಕ್ಕುಗಳನ್ನು ಬಚ್ಚಲುಮನೆಯಲ್ಲಿ ಕೂಡಿಹಾಕಿ. ಬುಟ್ಟಿ, ನೀರು, ಲಿಟ್ಟರ್ ಟ್ರೇ (ಬೆಕ್ಕು ಮಲಮೂತ್ರ ಮಾಡುವ ತಟ್ಟೆ) ಎಲ್ಲ ಅಲ್ಲೇ. ಬಚ್ಚಲಲ್ಲಿ ಮಂಚ ಇರುವುದಿಲ್ಲ ಅಲ್ವಾ? ಬುಟ್ಟಿಯ ಕೊಂಡಿಗೆ ಪ್ಲಾಸ್ಟಿಕ್ ಟ್ಯಾಗ್ ಬಿಗಿಯಿರಿ. ಬಿಚ್ಚಲು ಕತ್ತರಿ ಜೇಬಲ್ಲೇ ಇರಲಿ.

ಮಂಚದಡಿ:
ಇದು ಹೊಳೆದೇ ಇರಲಿಲ್ಲ. ನಾವು ಬುಟ್ಟಿ ಹೊರಗೆ ತೆಗೆಯುವುದು ಡಾಕ್ಟರ್ ಹತ್ತಿರ ಹೋಗುವಾಗ ಮಾತ್ರ. ಅದಕ್ಕೇ ಅದನ್ನು ಕಂಡರೆ ಓಡುತ್ತದೆ.

ಒದ್ದೆಬಾಲ:
ಬುಟ್ಟಿಗೆ ಹಾಕಲು ಆಗಲೇ ಇಲ್ಲ ಅಂದರೆ ದಿಂಬಿನ ಚೀಲ. ತಮಾಷೆ ಅಲ್ಲ. ಚೀಲವನ್ನು ಒಳಮುಖ ಹೊರಗೆ ಮಾಡಿ ಕೈಗೆ ತೊಟ್ಟುಕೊಳ್ಳಿ. ಬೆಕ್ಕನ್ನು ಹಿಡಿದು, ಅದರ ಮೇಲೇ ಚೀಲ ಮಗುಚಿ, ಬಾಯಿ ಗಂಟು ಹಾಕಿ. ಬಟ್ಟೆಯೊಳಗೆ ಉಸಿರಾಡುತ್ತದೆ. ಅಂದ ಇಲ್ಲ, ಆದರೆ ಕೆಲಸ ಆಗುತ್ತದೆ.

ಗಿಣಿಅಜ್ಜ:
ನಮ್ಮಲ್ಲಿ ಬೆಕ್ಕು ಇಲ್ಲ, ಗಿಣಿ ಇದೆ. ಹೋದ ಸಲದ ಗಾಳಿಯ ಸದ್ದು ಕಲಿತುಬಿಟ್ಟಿದೆ. ಮಟಮಟ ಮಧ್ಯಾಹ್ನ ಊಂಯ್ ಅನ್ನುತ್ತದೆ, ನಾಯಿ ಎದ್ದು ಸೋಫಾ ಹಿಂದೆ ಹೋಗುತ್ತದೆ.

ಮಳೆಲೆಕ್ಕ:
😂 ಗಿಣಿಯನ್ನೇ ಎಚ್ಚರಿಕೆ ಕೇಂದ್ರ ಮಾಡಿ ಅಜ್ಜ.

ಮಂಚದಡಿಯವರ ಎರಡನೇ ಪ್ರಶ್ನೆಗೆ ಬರುತ್ತೇನೆ. ಕುಡಿಯಲು, ಅಡುಗೆಗೆ ಸೇರಿ ಒಬ್ಬರಿಗೆ ದಿನಕ್ಕೆ ಸುಮಾರು 4 ಲೀಟರ್ ನೀರು ಲೆಕ್ಕ ಹಾಕಿ. ನಾಯಿಗೆ ಒಂದು ಕೆಜಿ ತೂಕಕ್ಕೆ 50ರಿಂದ 60 ಮಿಲಿ. ಅಂದರೆ 20 ಕೆಜಿ ನಾಯಿಗೆ ದಿನಕ್ಕೆ ಒಂದು ಲೀಟರಿಗಿಂತ ಸ್ವಲ್ಪ ಜಾಸ್ತಿ. ಹೆದರಿ ಏದುಸಿರು ಬಿಡುವ ನಾಯಿ ಇನ್ನೂ ಕುಡಿಯುತ್ತದೆ. ಮೂರು ದಿನಕ್ಕೆ ಅಂತ ಎಲ್ಲರೂ ಹೇಳುತ್ತಾರೆ. ನಾನಂತೂ ಒಂದು ವಾರಕ್ಕೆ ಇಡುತ್ತೇನೆ, ಕರೆಂಟ್ ಬರುವುದು ನಮ್ಮ ಕೈಯಲ್ಲಿಲ್ಲ.

ಪಾತ್ರೆ ತೊಳೆಯಲು, ಟಾಯ್ಲೆಟ್‌ಗೆ ಬೇರೆ ನೀರು. ಕರೆಂಟ್ ಹೋದರೆ ಪಂಪೂ ನಿಲ್ಲುತ್ತದೆ, ನೆನಪಿರಲಿ. ಬಕೆಟ್, ಡ್ರಮ್ಮು ಎಲ್ಲ ತುಂಬಿಸಿ. ಅಮ್ಮನ ಮಾತ್ರೆ ಎರಡು ವಾರಕ್ಕೆ ಈಗಲೇ ತನ್ನಿ, ಚೀಟಿಯ ಫೋಟೋ ಫೋನಲ್ಲಿರಲಿ.

ಕಿಟಕಿಪಕ್ಕ:
ಕಿಟಕಿ ಗಾಜಿಗೆ ಟೇಪಿನಲ್ಲಿ ದೊಡ್ಡ ಗುಣಾಕಾರ ಚಿಹ್ನೆ ಹಾಕುವುದನ್ನು ಮರೆಯಬೇಡಿ. ನಾವು ಪ್ರತಿ ಸಲ ಹಾಕುತ್ತೇವೆ.

ತಗಡುಮಾಸ್ತರ:
ದಯವಿಟ್ಟು ಬೇಡ. ಟೇಪ್ ಗಾಜನ್ನು ಗಟ್ಟಿ ಮಾಡುವುದಿಲ್ಲ. ಒಡೆದಾಗ ಸಣ್ಣ ಚೂರುಗಳ ಬದಲು ಟೇಪ್ ಹಿಡಿದಿಟ್ಟ ದೊಡ್ಡ ತುಂಡುಗಳು ಹಾರಿ ಬರಬಹುದು. ಟೇಪ್ ಹಾಕುವ ಟೈಮಲ್ಲಿ ಕಿಟಕಿಗೆ ಪ್ಲೈವುಡ್ ಕತ್ತರಿಸಿ ಸ್ಕ್ರೂ ಹಾಕಿ.

ಕಿಟಕಿಪಕ್ಕ:
ನಮ್ಮ ಗಾಜು ಇವತ್ತಿನವರೆಗೆ ಒಡೆದಿಲ್ಲ ಸಾರ್.

ತಗಡುಮಾಸ್ತರ:
ನಾನೂ ಇವತ್ತಿನವರೆಗೆ ಹೆಲ್ಮೆಟ್ ಇಲ್ಲದೆ ಸತ್ತಿಲ್ಲ. 🙂

ಇನ್ನೊಂದು ಹಳೇ ಕತೆ ಇದೆ. ಒಂದು ಕಿಟಕಿ ತೆಗೆದಿಟ್ಟರೆ ಒಳಗಿನ ಒತ್ತಡ ಸರಿಹೋಗುತ್ತದೆ ಅಂತ. ಹಳೇಛತ್ರಿಯವರೂ ಮೇಲೆ ಬೆಕ್ಕಿನ ನೆಪದಲ್ಲಿ ಅದನ್ನೇ ಹೇಳಿದ್ದಾರೆ. ಗಾಳಿ ಒಳಗೆ ನುಗ್ಗಿದರೆ ಚಾವಣಿಯನ್ನು ಒಳಗಿನಿಂದ ಮೇಲಕ್ಕೆ ದಬ್ಬುತ್ತದೆ, ಹೊರಗಿನಿಂದ ಗಾಳಿ ಎಳೆಯುತ್ತಲೇ ಇರುತ್ತದೆ. ಎಲ್ಲವನ್ನೂ ಮುಚ್ಚಬೇಕು, ಒಳಗಿನ ಕೋಣೆ ಬಾಗಿಲುಗಳನ್ನೂ. ವೇಗ ಗಂಟೆಗೆ 60 ಕಿಮೀ ಇದ್ದದ್ದು 120 ಆದರೆ ಗಾಳಿಯ ಒತ್ತಡ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಅಂಗಳದ ಹೂಕುಂಡ, ಕುರ್ಚಿ, ನಾಯಿಯ ಗೂಡು ಎಲ್ಲ ಆಗ ಕಲ್ಲಿನ ಹಾಗೆ ಬರುತ್ತವೆ. ಎಲ್ಲ ಒಳಗೆ.

ಹಳೇಛತ್ರಿ:
ಕಿಟಕಿ ವಿಷಯ ಒಪ್ಪಿದೆ ಮಾಸ್ತರೇ. ಬೆಕ್ಕಿನ ವಿಷಯ ಇನ್ನೂ ಒಪ್ಪಿಲ್ಲ.

ಸೂಜಿಮದ್ದು:
ಪ್ರಾಣಿಗಳ ಕ್ಲಿನಿಕ್‌ನಲ್ಲಿ ಕೆಲಸ ಮಾಡುತ್ತೇನೆ. ಗಾಳಿ ಎಚ್ಚರಿಕೆ ಬಂದಾಗಲೆಲ್ಲ ಒಂದೇ ಫೋನು: "ನಿದ್ದೆ ಮಾತ್ರೆ ಕೊಡಿ ಮೇಡಂ, ಅದು ಮಲಗಿರಲಿ." ಕೆಲವು ಹಳೇ ಮದ್ದುಗಳು ಮೈಯನ್ನು ಮಂಕು ಮಾಡುತ್ತವೆ, ಭಯ ಹಾಗೇ ಉಳಿಯುತ್ತದೆ. ನೋಡುವವರಿಗೆ ಶಾಂತ ಅನಿಸುತ್ತದೆ, ಒಳಗೆ ಅದು ನಡುಗುತ್ತಿರುತ್ತದೆ. ಈಗ ಬೆಕ್ಕುಗಳಿಗೆ ಪ್ರಯಾಣದ ಮುಂಚೆ ಗ್ಯಾಬಪೆಂಟಿನ್ ಅನ್ನುವ ಮದ್ದು ಕೊಡುವುದು ಸಾಮಾನ್ಯ. ಆದರೆ ನಿಮ್ಮ ಡಾಕ್ಟರ್ ತೂಕ, ಮೂತ್ರಪಿಂಡ ನೋಡಿ ಅಳತೆ ಹೇಳಬೇಕು. ಮೊದಲ ಸಲ ಕೊಡುವುದು ಗಾಳಿಯ ದಿನ ಆಗಬಾರದು. ಇವತ್ತೇ ಫೋನ್ ಮಾಡಿ, ನಾಳೆ ಮನೆಯಲ್ಲೇ ಒಂದು ಸಲ ಕೊಟ್ಟು ನೋಡಿ.

ನಿಮ್ಮ ಮಾತ್ರೆ ಡಬ್ಬಿ ಮಾತ್ರ ಮುಟ್ಟಬೇಡಿ. ಒಂದೇ ಒಂದು ಪ್ಯಾರಸಿಟಮಾಲ್ ಬೆಕ್ಕನ್ನು ಕೊಲ್ಲಬಹುದು.

ಮೈಕ್ರೋಚಿಪ್ (ಪ್ರಾಣಿಯ ಚರ್ಮದಡಿ ಹಾಕುವ ಗುರುತಿನ ಚಿಪ್) ಹಾಕಿಸಿದವರು ಈಗಲೇ ನೋಂದಣಿ ತೆರೆದು ನೋಡಿ. ಚಿಪ್‌ನಲ್ಲಿರುವುದು 15 ಅಂಕಿಯ ಒಂದು ಸಂಖ್ಯೆ ಅಷ್ಟೇ. ಅದು ಎಲ್ಲಿದೆ ಅಂತ ತೋರಿಸುವುದಿಲ್ಲ. ನೋಂದಣಿಯಲ್ಲಿ ನಿಮ್ಮ ಹಳೇ ಫೋನ್ ನಂಬರ್ ಇದ್ದರೆ ಚಿಪ್ ಇದ್ದೂ ಇಲ್ಲದ ಹಾಗೆ. ಪ್ರಾಣಿಯ ಜೊತೆ ನೀವೂ ಇರುವ ಒಂದು ಫೋಟೋ ತೆಗೆದಿಡಿ. ಸಿಕ್ಕಿದ ಮೇಲೆ "ಇದು ನಮ್ಮದು" ಅಂತ ತೋರಿಸಲು ಅದೇ ಸಾಕ್ಷಿ.

ಮಂಚದಡಿ:
ಥ್ಯಾಂಕ್ಸ್ ಮೇಡಂ. ನೋಡಿದೆ, ನಮ್ಮ ಚಿಪ್‌ನ ನೋಂದಣಿಯಲ್ಲಿ ಇದ್ದದ್ದು ಐದು ವರ್ಷದ ಹಿಂದಿನ ಫೋನ್ ನಂಬರ್. ಈಗ ಬದಲಾಯಿಸಿದೆ.

ಕೊಟ್ಟಿಗೆಬಾಗಿಲು:
ಎಲ್ಲರೂ ಬೆಕ್ಕು ನಾಯಿ ಅಂತಲೇ ಇದ್ದೀರಿ. ನಮ್ಮಲ್ಲಿ ಆರು ಹಸು ಇವೆ, ಬುಟ್ಟಿಯಲ್ಲಿ ಹಿಡಿಸುವುದಿಲ್ಲ.

ಕಟ್ಟಿಹಾಕಿ ಮಾತ್ರ ಬಿಡಬೇಡಿ. ಹಸು, ಎಮ್ಮೆ ಈಜುತ್ತವೆ. ಕೊರಳಲ್ಲಿ ಹಗ್ಗ ಇದ್ದರೆ ಹೇಗೆ ಈಜುವುದು? ನೀರು ಬರುವ ಜಾಗ ಆದರೆ ಗಾಳಿಗೆ ಮುಂಚೆಯೇ ಎತ್ತರದ ಕಡೆಗೆ ಹೊಡೆದುಕೊಂಡು ಹೋಗಿ. ಆಗದಿದ್ದರೆ ಹಗ್ಗ ಬಿಚ್ಚಿ, ಬೇಲಿಯ ಗೇಟು ತೆಗೆದಿಡಿ. ಕೊಟ್ಟಿಗೆ ತಗಡಿನದ್ದಾದರೆ ಒಳಗೆ ಕೂಡಬೇಡಿ, ತಗಡು ಹಾರಿದರೆ ಕತ್ತಿ ಇದ್ದ ಹಾಗೆ. ಬಯಲಲ್ಲಿ ಬಿಡುವುದಾದರೆ ಮರ, ಕರೆಂಟ್ ತಂತಿ ಇಲ್ಲದ ಕಡೆ.

ಮೈಮೇಲೆ ಬಣ್ಣದಲ್ಲಿ ಫೋನ್ ನಂಬರ್ ಬರೆಯಿರಿ. ಹೋದ ಸಲ ನಮ್ಮ ಒಂದು ಹಸು ಮೂರು ದಿನ ಆದ ಮೇಲೆ ಹೀಗೇ ಸಿಕ್ಕಿತು. ಫೋನ್ ಮಾಡಿದವರು, "ಅಣ್ಣಾ, ನಿಮ್ಮ ನಂಬರ್ ಇಲ್ಲಿ ನಿಂತು ಹುಲ್ಲು ತಿನ್ನುತ್ತಿದೆ" ಅಂದರು.

ಮೂರುಬಾಲ:
ನಾಯಿಗೂ ಅದೇ ಮಾತು. ಎಂಥ ಅವಸರ ಇದ್ದರೂ ಸರಪಳಿ ಹಾಕಿ ಬಿಟ್ಟು ಹೋಗಬೇಡಿ. ಪಾಪ, ಅದು ಕಾಯುತ್ತಲೇ ಇರುತ್ತದೆ.

ಹಳೇಛತ್ರಿ:
ಜನರಿಗೇ ಜಾಗ ಇಲ್ಲದ ಕಡೆ ನಾಯಿ ಬೆಕ್ಕನ್ನು ಯಾರು ಸೇರಿಸುತ್ತಾರೆ ಹೇಳಿ? ಮೊದಲು ಅಮ್ಮನನ್ನು ನೋಡಿಕೊಳ್ಳಿ. ನನ್ನನ್ನು ಕಲ್ಲು ಮನಸ್ಸಿನವನು ಅಂದರೂ ಪರವಾಗಿಲ್ಲ.

ಚುಕ್ಕಿಮೂಗು:
ಛತ್ರಿ ಅಣ್ಣ, ಬೇಜಾರು ಬೇಡ. ಆದರೆ ಪ್ರಾಣಿಯನ್ನು ಬಿಟ್ಟು ಬರಲ್ಲ ಅಂತ ಮನುಷ್ಯರೇ ಉಳಿದುಕೊಂಡುಬಿಡುತ್ತಾರೆ, ಅದೇ ಅಪಾಯ. 2005ರಲ್ಲಿ ಅಮೆರಿಕದಲ್ಲಿ ಕತ್ರಿನಾ ಚಂಡಮಾರುತ ಬಂದಾಗ ಹೀಗೆ ಉಳಿದವರು ಬಹಳ ಜನ. ಎಷ್ಟೋ ಆಶ್ರಯ ಕೇಂದ್ರಗಳಲ್ಲಿ, ರಕ್ಷಣಾ ದೋಣಿಗಳಲ್ಲಿ ಪ್ರಾಣಿಗಳಿಗೆ ಜಾಗ ಇರಲಿಲ್ಲ. ಆಮೇಲೆ 2006ರಲ್ಲಿ ಅಲ್ಲಿ ಕಾನೂನೇ ಬಂತು. ತುರ್ತು ಯೋಜನೆ ಮಾಡುವಾಗ ಸಾಕುಪ್ರಾಣಿ ಇರುವ ಮನೆಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಅಂತ. ಈ ಮಂಚದಡಿ ಅಣ್ಣನ ಕತೆ ನೋಡಿ, ಒಂದು ಬೆಕ್ಕಿನಿಂದ ಅಮ್ಮನೂ ಅಲ್ಲೇ ಉಳಿದರು ಅಲ್ವಾ?

ಹಳೇಛತ್ರಿ:
ಹ್ಞೂಂ. ಅದನ್ನು ಯೋಚಿಸಿರಲಿಲ್ಲ.

ಚುಕ್ಕಿಮೂಗು:
ಅದಕ್ಕೇ ಈಗಲೇ ಎರಡು ಮೂರು ಕಡೆ ಫೋನ್ ಮಾಡಿ ಕೇಳಿಡಿ. ಆಶ್ರಯ ಕೇಂದ್ರದಲ್ಲಿ ಪ್ರಾಣಿಗೆ ಬಿಡುತ್ತಾರಾ, ನೆಂಟರ ಮನೆಯಲ್ಲಿ ಒಂದು ಕೋಣೆ ಸಿಗುತ್ತದಾ, ಪ್ರಾಣಿಗಳನ್ನು ಇರಿಸಿಕೊಳ್ಳುವ ಬೋರ್ಡಿಂಗ್ ಇದೆಯಾ. ಲಸಿಕೆ ಚೀಟಿ ಕೇಳುತ್ತಾರೆ, ಜಿಪ್ ಕವರಿನಲ್ಲಿ ಹಾಕಿಡಿ.

ಗುಳ್ಳೆಮೀನು:
ಅಕ್ವೇರಿಯಂ ಇರುವವರು ಯಾರಾದರೂ ಇದ್ದೀರಾ? ಕರೆಂಟ್ ಹೋದರೆ ಏನು ಮಾಡುತ್ತೀರಿ?

ನೀರುನೊರೆ:
ಸೆಲ್ಲಿನಲ್ಲಿ ಓಡುವ ಏರ್ ಪಂಪ್ ತಂದಿಟ್ಟುಕೊಳ್ಳಿ. ಇಲ್ಲದಿದ್ದರೆ ಲೋಟದಲ್ಲಿ ನೀರು ಎತ್ತಿ ಮೇಲಿನಿಂದ ಸುರಿಯುತ್ತಾ ಇರಿ, ಕೈ ನೋಯುತ್ತದೆ ಅಷ್ಟೇ. ಊಟ ನಿಲ್ಲಿಸಿ. ಆರೋಗ್ಯವಾಗಿರುವ ದೊಡ್ಡ ಮೀನು ಕೆಲವು ದಿನ ತಿನ್ನದಿದ್ದರೂ ಏನೂ ಆಗಲ್ಲ. ಹಾಕಿದರೆ ನೀರು ಕೆಡುತ್ತದೆ. ಕರೆಂಟ್ ಬಂದ ತಕ್ಷಣ ಫಿಲ್ಟರ್ ಹಾಕಬೇಡಿ. ಗಂಟೆಗಟ್ಟಲೆ ನಿಂತ ಫಿಲ್ಟರಿನೊಳಗೆ ಒಳ್ಳೆಯ ಬ್ಯಾಕ್ಟೀರಿಯಾ ಸತ್ತು ಕೊಳೆತಿರುತ್ತವೆ, ಅದೆಲ್ಲ ಮೀನಿನ ಮೇಲೆ ಬರುತ್ತದೆ. ಬಿಚ್ಚಿ, ಜಾಲಾಡಿಸಿ, ಆಮೇಲೆ ಹಾಕಿ.

ಗುಳ್ಳೆಮೀನು:
ನಾನು ಹೋದ ಸಲ ಬಂದ ತಕ್ಷಣ ಹಾಕಿದ್ದೆ. ಈಗ ಅರ್ಥವಾಯಿತು. 😞

ಮಳೆಲೆಕ್ಕ:
ಜನರೇಟರ್ ಇರುವವರಿಗೆ ಒಂದು ಮಾತು. ಮನೆಯೊಳಗೆ ಬೇಡ, ಗ್ಯಾರೇಜಿನಲ್ಲಿ ಬೇಡ, ಬಾಲ್ಕನಿಯಲ್ಲೂ ಬೇಡ. ಬಾಗಿಲು ಕಿಟಕಿಯಿಂದ ಕನಿಷ್ಠ 6 ಮೀಟರ್ ದೂರ, ಹೊಗೆ ಆಚೆ ಹೋಗುವ ಹಾಗೆ. ಆ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಅನ್ನುವ ವಿಷಾನಿಲಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ನಿದ್ದೆ ಬಂದ ಹಾಗೆ ಆಗುತ್ತದೆ, ಅಷ್ಟೇ.

ಗಿಣಿಅಜ್ಜ:
ಹಕ್ಕಿಗೆ ಅದು ಇನ್ನೂ ಬೇಗ ತಟ್ಟುತ್ತದೆ. ಬ್ರಿಟನ್ನಿನ ಕಲ್ಲಿದ್ದಲು ಗಣಿಗಳಲ್ಲಿ 1986ರವರೆಗೂ ಇದಕ್ಕೇ ಕ್ಯಾನರಿ ಹಕ್ಕಿ ಇಡುತ್ತಿದ್ದರು. ಮೇಣದಬತ್ತಿಯ ಹೊಗೆಯೂ ನಮ್ಮ ಗಿಣಿಗೆ ಆಗುವುದಿಲ್ಲ. ಟಾರ್ಚ್ ಸಾಕು. ರಾತ್ರಿ ಪಂಜರದ ಮೇಲೆ ತೆಳು ಬಟ್ಟೆ ಹೊದಿಸಿ, ಒಂದು ಕಡೆ ತೆರೆದಿಡಿ.

ತಗಡುಮಾಸ್ತರ:
ಮೇಣದಬತ್ತಿ ಮತ್ತು ಬೆಕ್ಕಿನ ಬಾಲ, ಇವೆರಡೂ ಒಂದೇ ಮನೆಯಲ್ಲಿ ಇರಬಾರದು. ಕಂಡ ಅನುಭವ. ಪರದೆ ಹೋಯಿತು, ಬೆಕ್ಕಿಗೆ ಏನೂ ಆಗಲಿಲ್ಲ.

ಹಾಲುಡಬ್ಬಿ:
ಫ್ರಿಜ್ ವಿಷಯ ಯಾರೂ ಹೇಳಲಿಲ್ಲ. ಬಾಗಿಲು ತೆಗೆಯದಿದ್ದರೆ ಫ್ರಿಜ್ ಸುಮಾರು 4 ಗಂಟೆ ತಂಪು ಹಿಡಿಯುತ್ತದೆ. ತುಂಬಿದ ಫ್ರೀಜರ್ 48 ಗಂಟೆ, ಅರ್ಧ ತುಂಬಿದ್ದರೆ 24. ಮನೆ ಬಿಟ್ಟು ಹೋಗುವವರು ಒಂದು ಲೋಟ ನೀರನ್ನು ಗಟ್ಟಿಯಾಗಿಸಿ ಮೇಲೆ ನಾಣ್ಯ ಇಡಿ. ವಾಪಸ್ ಬಂದಾಗ ನಾಣ್ಯ ತಳದಲ್ಲಿದ್ದರೆ ಎಲ್ಲ ಕರಗಿ ಮತ್ತೆ ಗಟ್ಟಿಯಾಗಿದೆ ಅಂತ ಅರ್ಥ. ಆಗ ಒಳಗಿರುವುದನ್ನು ಎಸೆಯಿರಿ, ನಾಯಿಗೂ ಹಾಕಬೇಡಿ.

ಕಿಟಕಿಪಕ್ಕ:
ನಾಣ್ಯದ ಉಪಾಯ ಸೂಪರ್. ಟೇಪ್ ಬಿಟ್ಟು ಇದನ್ನು ಹಿಡಿದುಕೊಳ್ಳುತ್ತೇನೆ.

ಒಂಟಿಮನೆ:
ನಾವು ಮನೆಯಲ್ಲೇ ಇರುವುದು ಅಂತ ತೀರ್ಮಾನ ಮಾಡಿದ್ದೇವೆ. ಎತ್ತರದ ಜಾಗ, ಕಾಂಕ್ರೀಟ್ ಮನೆ. ನಾಯಿಗೆ ಸಿಡಿಲು ಅಂದರೆ ಜೀವವೇ ಹೋಗುತ್ತದೆ. ಎತ್ತಿಕೊಂಡು ಸಮಾಧಾನ ಮಾಡಿದರೆ ಭಯ ಜಾಸ್ತಿ ಆಗುತ್ತದೆ ಅಂತಾರೆ, ಹೌದಾ?

ಸೂಜಿಮದ್ದು:
ಇಲ್ಲ. ಭಯವನ್ನು ಮುದ್ದು ಮಾಡಿ ಬೆಳೆಸಲು ಆಗುವುದಿಲ್ಲ. ಹತ್ತಿರ ಬಂದರೆ ಹತ್ತಿರ ಇಟ್ಟುಕೊಳ್ಳಿ, ಅಡಗಬೇಕು ಅಂದರೆ ಅಡಗಲು ಬಿಡಿ. ಮನೆ ನಡುವಿನ, ಕಿಟಕಿ ಇಲ್ಲದ ಕೋಣೆ ಒಳ್ಳೆಯದು. ಫ್ಯಾನ್ ಅಥವಾ ರೇಡಿಯೋ ಸದ್ದು ಇರಲಿ. ನೀವು ಗಾಬರಿಯಿಂದ ಓಡಾಡಬೇಡಿ, ಅದು ನಿಮ್ಮನ್ನೇ ನೋಡುತ್ತಿರುತ್ತದೆ.

ಕಣ್ಣುಕಂಡವ:
ಉಳಿಯುವವರಿಗೆ ಇದು ಮುಖ್ಯ. ನಾವು ಒಂದು ಸಲ ಚಂಡಮಾರುತದ ಕಣ್ಣಿನೊಳಗೆ, ಅಂದರೆ ಅದರ ನಡುವಿನ ಗಾಳಿ ಇಲ್ಲದ ಭಾಗದಲ್ಲಿ, ಸಿಕ್ಕಿಕೊಂಡಿದ್ದೆವು. ಗಂಟೆಗಟ್ಟಲೆ ಅರಚಿದ ಗಾಳಿ ಏಕಾಏಕಿ ನಿಂತುಹೋಯಿತು. ಮಳೆ ಇಲ್ಲ. ಮೇಲೆ ಒಂದೆರಡು ನಕ್ಷತ್ರ ಬೇರೆ. ಮಾವ "ಮುಗೀತು" ಅಂತ ಬಾಗಿಲು ತೆಗೆದರು, ನಾಯಿ ಮೂತ್ರಕ್ಕೆ ಓಡಿತು. ಹಗ್ಗ ಇರಲಿಲ್ಲ. ಇಪ್ಪತ್ತು ನಿಮಿಷ ಕರೆದೆವು. ಅಷ್ಟರಲ್ಲಿ ಗಾಳಿ ಮತ್ತೆ ಬಂತು, ಈ ಸಲ ಉಲ್ಟಾ ದಿಕ್ಕಿನಿಂದ. ಮೊದಲ ಅರ್ಧದಲ್ಲಿ ವಾಲಿದ್ದ ಮರ ಈಗ ಇನ್ನೊಂದು ಕಡೆಗೆ ಬಿತ್ತು. ನಾಯಿ ಬಾಗಿಲು ಕೆರೆದದ್ದು ನಮಗೆ ಕೇಳಿದ್ದೇ ಹೆಚ್ಚು. ಮಾವ ಅವತ್ತಿನಿಂದ ಆಕಾಶ ನೋಡಿ ಹವಾಮಾನ ಹೇಳುವುದನ್ನು ಬಿಟ್ಟಿದ್ದಾರೆ.

ಒಳಗೇ ಒಂದು ಮೂಲೆಯಲ್ಲಿ ಹಳೇ ಪೇಪರ್, ಹುಲ್ಲಿನ ತುಂಡು ಹಾಸಿ, ನಾಯಿಗೆ ಅಲ್ಲೇ ಮೂತ್ರ ಮಾಡಲು ಈಗಿನಿಂದಲೇ ಕಲಿಸಿ.

ಒಂಟಿಮನೆ:
ಓದಿ ಮೈ ಜುಂ ಅಂತು. ಹಗ್ಗವನ್ನು ಬಾಗಿಲ ಚಿಲಕಕ್ಕೇ ನೇತುಹಾಕಿದೆ.

ಮೂರುಬಾಲ:
ಗಾಳಿ ನಿಂತ ಮೇಲೂ ಕೆಲವು ದಿನ ಹಗ್ಗ ಬೇಕು. ಬಿದ್ದ ಮರ, ಹರಿದ ನೀರು ಎಲ್ಲ ಸೇರಿ ಪರಿಚಯದ ವಾಸನೆ ಅಳಿಸಿಹೋಗಿರುತ್ತದೆ, ನಾಯಿಗೆ ತನ್ನ ಬೀದಿಯೇ ಗುರುತು ಸಿಗುವುದಿಲ್ಲ. ಬಿದ್ದ ತಂತಿಯ ಹತ್ತಿರ ಹೋಗಲೇಬೇಡಿ, ಸತ್ತ ತಂತಿ ಅಂತ ಯಾರು ಹೇಳಿದರೂ. ನಿಂತ ನೀರು ಕುಡಿಯಲು ಬಿಡಬೇಡಿ. ಅದರಲ್ಲಿ ಇಲಿಜ್ವರ ಇರುತ್ತದೆ, ನಾಯಿಗೂ ಬರುತ್ತದೆ, ನಮಗೂ ಬರುತ್ತದೆ. ಒಳಗೆ ಬಿಡುವ ಮುಂಚೆ ಕಾಲು ತೊಳೆಯಿರಿ. ಶೂ ಹಾಕುವ ಮುಂಚೆ ಕೊಡವಿ, ಹಾವು ಚೇಳಿಗೂ ಒಣ ಜಾಗ ಬೇಕು ಅಲ್ವಾ.

ಮಂಚದಡಿ:
ನಾಲ್ಕು ದಿನದ ಮೇಲೆ ಬರೆಯುತ್ತಿದ್ದೇನೆ, ಈಗ ತಾನೇ ಕರೆಂಟ್ ಬಂತು.

ಎಲ್ಲರೂ ಕ್ಷೇಮ. ಹೊರಡಿ ಅಂತ ಯಾರೂ ಹೇಳುವ ಮುಂಚೆಯೇ, ಹಿಂದಿನ ಮಧ್ಯಾಹ್ನವೇ ಭಾವನ ಮನೆಗೆ ಹೋದೆವು. ರಸ್ತೆ ಖಾಲಿ, ಬಿಸಿಲಿತ್ತು. ಪಕ್ಕದ ಮನೆಯವರು ನಕ್ಕರು. ಪರವಾಗಿಲ್ಲ. ವಾಪಸ್ ಬಂದು ನೋಡಿದರೆ ಚಾವಣಿಯ ಒಂದು ಮೂಲೆ ಹೋಗಿದೆ. ಮಲಗುವ ಕೋಣೆಯಲ್ಲಿ ನೀರು ನಿಂತ ಗೆರೆ ಇದೆ. ಮಂಚದ ಹಲಗೆಯ ಅಡಿಗಿಂತ ಒಂದು ಗೇಣು ಮೇಲೆ.

ದೊಡ್ಡ ಬೆಕ್ಕಿನದ್ದು ಕೇಳಿ. ಎರಡು ದಿನ ಬುಟ್ಟಿಯೊಳಗೇ ಉಂಡಿತಲ್ಲ, ಬಚ್ಚಲಲ್ಲಿ ರಾತ್ರಿಯೂ ಅದರಲ್ಲೇ ಮಲಗಿತು. ಬೆಳಿಗ್ಗೆ ಹೋಗಿ ಸುಮ್ನೆ ಬಾಗಿಲು ಹಾಕಿದೆ. ಒಂದು ಮಿಯಾಂವ್ ಇಲ್ಲ! ಕೈ ಕೊಟ್ಟದ್ದು ಚಿಕ್ಕದು. "ಅದು ಹೆಗಲ ಮೇಲೆ ಬರುತ್ತದೆ" ಅಂತ ರಾತ್ರಿ ಬಚ್ಚಲಿಗೆ ಹಾಕಿರಲಿಲ್ಲ. ಹೊರಡುವ ಹೊತ್ತಿಗೆ ಎಲ್ಲೂ ಇಲ್ಲ. ಒಂದು ಗಂಟೆ ಹುಡುಕಿದೆವು.

ಹಳೇಛತ್ರಿ:
ಎಲ್ಲಿತ್ತು?

ಮಂಚದಡಿ:
ವಾಷಿಂಗ್ ಮಷೀನಿನ ಒಳಗೆ, ಒಗೆಯದ ಬಟ್ಟೆಯ ಮಧ್ಯೆ. ಅಮ್ಮ ಕಂಡುಹಿಡಿದರು. ಕೊನೆಗೆ ಒದ್ದೆಬಾಲ ಹೇಳಿದ ದಿಂಬಿನ ಚೀಲದಲ್ಲೇ ಹೋಯಿತು.

ಒದ್ದೆಬಾಲ:
ಅಂದ ಇಲ್ಲ, ಕೆಲಸ ಆಗುತ್ತದೆ ಅಂದಿದ್ದೆ ಅಲ್ವಾ? 😄

ಸೂಜಿಮದ್ದು:
ಬೆಕ್ಕು ಇರುವ ಎಲ್ಲರೂ ಮಷೀನ್ ಹಾಕುವ ಮುಂಚೆ ಒಮ್ಮೆ ಕೈಯಾಡಿಸಿ ನೋಡಿ, ಗಾಳಿ ಇರಲಿ ಬಿಡಲಿ.

ಹಳೇಛತ್ರಿ:
ಮಂಚದಡಿ ಗುರು, ಆ ಬುಟ್ಟಿ ಯಾವ ಅಳತೆಯದ್ದು? ನಮ್ಮಲ್ಲೂ ಒಂದಿದೆ ಬಿಡಿ. ಬೀದಿಯದ್ದು. ಈ ಗಾಳಿಯಲ್ಲಿ ಒಳಗೆ ಬಂದದ್ದು ಹೊರಗೆ ಹೋಗುತ್ತಿಲ್ಲ.